ಸೊಂಟನೋವು ಮತ್ತು ಕೀಲುನೋವು: ದುಡಿಯುವ ದಂಪತಿಗಳಿಗೆ ತಿಳಿವಳಿಕೆ

ನಮ್ಮ ಹಳ್ಳಿಗಳಲ್ಲಿ ಮೈಕೈ ನೋವನ್ನು ಕಾಯಿಲೆಗಳ ಸಾಲಿನಲ್ಲಿ ಸೇರಿಸುವ ವಾಡಿಕೆಯಿಲ್ಲ. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಓಡುತ್ತೇವೆ. ಎತ್ತು ಕುಂಟಿದರೆ ಪಶುವೈದ್ಯರನ್ನು ಕರೆಸುತ್ತೇವೆ. ಮನೆಯಾಕೆಯ ಸೊಂಟ ನೋಯುತ್ತಿದೆಯೆಂದರೆ ಮಾತ್ರ, "ದುಡಿಯುವ ಮೈ, ನೋಯದೆ ಇದ್ದೀತೆ?" ಎಂದು ಸುಮ್ಮನಾಗುತ್ತೇವೆ. ಆಕೆಯೂ ಹಾಗೆಯೇ ತಿಳಿದು, ಸೆರಗನ್ನು ಸೊಂಟಕ್ಕೆ ಬಿಗಿದು ಮತ್ತೆ ಕೆಲಸಕ್ಕೆ ಬಾಗುತ್ತಾಳೆ.

ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದೆ ಇಲ್ಲ. ಬಹಳ ದಿನಗಳ ಮೇಲೆ ಗುದ್ದಲಿ ಹಿಡಿದಾಗ, ನಾಟಿಯ ಮೊದಲ ದಿನ, ಕಬ್ಬು ಕಡಿಯುವ ಮೊದಲ ವಾರ ಸ್ನಾಯುಗಳು ನೋಯುವುದು ಸಹಜ. ಆ ನೋವು ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ವರ್ಷವಿಡೀ ಬಿಡದೆ ಕಾಡುವ ನೋವನ್ನು ಹಣೆಬರಹವೆಂದು ಸಹಿಸಬೇಕಾಗಿಲ್ಲ. ಅದರಲ್ಲಿ ಹೆಚ್ಚಿನ ಪಾಲು ನಾವು ಬಾಗುವ, ಎತ್ತುವ, ಕುಳಿತುಕೊಳ್ಳುವ ರೀತಿಯಿಂದಲೂ, ಭಾರವಾದ ಕೆಲಸವೆಲ್ಲ ಮನೆಯಲ್ಲಿ ಒಬ್ಬರ ಮೇಲೆಯೇ ಬೀಳುವುದರಿಂದಲೂ ಉಂಟಾಗುತ್ತದೆ. ಇವೆರಡನ್ನೂ ಗಂಡಹೆಂಡಿರು ಕೂಡಿ ಯೋಚಿಸಿದರೆ ಬದಲಾಯಿಸಿಕೊಳ್ಳಲು ಸಾಧ್ಯವಿದೆ. ಕೂಲಿಯನ್ನೇ ನಂಬಿದ ಸಂಸಾರದಲ್ಲಿ ಒಬ್ಬರ ಸೊಂಟ ಕೈಕೊಟ್ಟರೆ ಅರ್ಧ ಆದಾಯವೇ ನಿಂತುಹೋಗುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು.

ಸೊಂಟ ಏಕೆ ನೋಯುತ್ತದೆ?

ಬೆನ್ನುಮೂಳೆಯು ಒಂದೇ ಕಂಬವಲ್ಲ. ಅದು ಒಂದರ ಮೇಲೊಂದು ಕೂರಿಸಿದ ಸಣ್ಣ ಸಣ್ಣ ಮೂಳೆಗಳ ಸಾಲು. ಸೊಂಟದ ಭಾಗದಲ್ಲಿ ಇಂತಹ 5 ಮೂಳೆಗಳಿದ್ದು, ದೇಹದ ಮೇಲ್ಭಾಗದ ಭಾರವೆಲ್ಲ ಅವುಗಳ ಮೇಲೆಯೇ ಬೀಳುತ್ತದೆ. ಎರಡು ಮೂಳೆಗಳ ನಡುವೆ ಮೆತ್ತೆಯಂತಹ ಬಿಲ್ಲೆಯಿರುತ್ತದೆ. ಮೂಳೆಗಳ ಸಾಲು ಬೀಳದಂತೆ ಹಿಂದಿನಿಂದ ಬೆನ್ನಿನ ಸ್ನಾಯುಗಳೂ ಮುಂದಿನಿಂದ ಹೊಟ್ಟೆಯ ಸ್ನಾಯುಗಳೂ ಹಗ್ಗ ಕಟ್ಟಿದಂತೆ ಎಳೆದು ಹಿಡಿದಿರುತ್ತವೆ. ಸೊಂಟನೋವಿನ ಬಹುಪಾಲು ಪ್ರಕರಣಗಳಲ್ಲಿ ಮೂಳೆ ಮುರಿದಿರುವುದಿಲ್ಲ, 'ಜರುಗಿ'ರುವುದೂ ಇಲ್ಲ. ಈ ಸ್ನಾಯುಗಳು, ಅವುಗಳ ಕಟ್ಟುಗಳು ಬಳಲಿರುತ್ತವೆ ಅಥವಾ ಉಳುಕಿರುತ್ತವೆ.

ಹಾರೆಯಿಂದ ಬಂಡೆಯನ್ನು ಮೀಟಿದವರಿಗೆ ಮುಂದಿನ ವಿಷಯ ಸುಲಭವಾಗಿ ತಿಳಿಯುತ್ತದೆ. ಹಾರೆಯ ಉದ್ದನೆಯ ತುದಿಯನ್ನು ಒತ್ತಿದರೆ ಸ್ವಲ್ಪ ಬಲಕ್ಕೇ ಬಂಡೆ ಏಳುತ್ತದೆ. ಬಂಡೆಯ ಹತ್ತಿರ ಹಿಡಿದು ಒತ್ತಿದರೆ ಎಷ್ಟು ಬಲ ಹಾಕಿದರೂ ಸಾಲದು. ನಾವು ಭಾರ ಎತ್ತುವಾಗ ಬೆನ್ನಿನ ಸ್ನಾಯುಗಳು ಈ ಎರಡನೆಯ ಅನುಕೂಲವಿಲ್ಲದ ಸ್ಥಾನದಲ್ಲಿರುತ್ತವೆ. ಅವು ಬೆನ್ನುಮೂಳೆಯ ಮಧ್ಯದಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇರುತ್ತವೆ. ಕೈ ಚಾಚಿ 40 ಸೆಂಟಿಮೀಟರ್ ದೂರದಲ್ಲಿ 15 ಲೀಟರಿನ ತುಂಬಿದ ಕೊಡವನ್ನು ಎತ್ತಿದರೆ, ಆ ಸ್ನಾಯುಗಳು ಕೊಡದ ಭಾರದ ಎಂಟರಷ್ಟು, ಅಂದರೆ ಸುಮಾರು 120 ಕಿಲೋಗ್ರಾಂ ಬಲದಿಂದ ಎಳೆಯಬೇಕಾಗುತ್ತದೆ. ಬಾಗಿದ ನಮ್ಮ ಮೈಯ ಭಾರ ಇದಕ್ಕೆ ಸೇರಿಲ್ಲ. ಅದೇ ಕೊಡವನ್ನು ಮೈಗೆ ಹತ್ತಿರ ತಂದು ಎತ್ತಿದರೆ ಈ ಬಲ ಅರ್ಧಕ್ಕೆ ಇಳಿಯುತ್ತದೆ. ಕೊಡವೂ ಅದೇ, ನೀರೂ ಅಷ್ಟೇ. ಸೊಂಟಕ್ಕೆ ಮಾತ್ರ ಎರಡರಷ್ಟು ವ್ಯತ್ಯಾಸ.

ಹೊರೆ ಎತ್ತುವ ಕ್ರಮ

ಆದುದರಿಂದ ನೆಲದಿಂದ ಏನನ್ನಾದರೂ ಎತ್ತುವಾಗ ಮೊದಲು ಅದರ ಹತ್ತಿರಕ್ಕೆ ಹೋಗಬೇಕು. ಎರಡು ಪಾದಗಳ ನಡುವೆ ಒಂದು ಗೇಣು ಅಂತರವಿರಲಿ. ಒಂದು ಪಾದ ತುಸು ಮುಂದಿರಲಿ. ಸೊಂಟವನ್ನು ಬಗ್ಗಿಸುವ ಬದಲು ಮೊಣಕಾಲುಗಳನ್ನು ಮಡಿಸಿ ತಗ್ಗಿ, ಹೊರೆಯನ್ನು ಎದೆಗೆ ಅವಚಿಕೊಂಡು ತೊಡೆಯ ಬಲದಿಂದ ಏಳಬೇಕು. ಎದ್ದಮೇಲೆ ಬೇರೆ ದಿಕ್ಕಿಗೆ ತಿರುಗಬೇಕಾದರೆ ಪಾದಗಳನ್ನೇ ತಿರುಗಿಸತಕ್ಕದ್ದು. ಕಾಲುಗಳನ್ನು ಊರಿದಲ್ಲಿಯೇ ಇಟ್ಟು ಸೊಂಟವನ್ನು ಮಾತ್ರ ತಿರುಚುವುದು ಬಹಳ ಅಪಾಯಕರ. ಬಿಲ್ಲೆಗಳಿಗೆ ಪೆಟ್ಟಾಗುವುದು ಹೆಚ್ಚಾಗಿ ಈ ತಿರುಚಿನಲ್ಲಿಯೇ. ಗಾಡಿಗೆ ಚೀಲ ಹೇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಭಾರಕ್ಕೂ ಒಂದು ಮಿತಿಯುಂಟು. ಒಬ್ಬ ವಯಸ್ಕ ಪುರುಷ ಕಾರ್ಮಿಕನು ಹೊರುವ ಹೊರೆ 55 ಕಿಲೋಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿತು. ಸ್ತ್ರೀಯರಿಗೆ ಇದಕ್ಕಿಂತ ಸಾಕಷ್ಟು ಕಡಿಮೆಯಿರಬೇಕೆಂದೂ ಹೇಳಿತು. ನಮ್ಮಲ್ಲಿ 75 ಕಿಲೋಗ್ರಾಂ ಭತ್ತದ ಚೀಲವನ್ನು ಒಬ್ಬನೇ ಬೆನ್ನಿಗೇರಿಸುವುದನ್ನು ಗಂಡಸುತನದ ಗುರುತೆಂದು ಹೊಗಳುವವರಿದ್ದಾರೆ. ಹಾಗೆ ಹೊಗಳಿದವರು ಮುಂದೆ ಆತನ ಸೊಂಟಕ್ಕೆ ಶಾಖ ಕೊಡಲು ಬರುವುದಿಲ್ಲ. ಚೀಲವನ್ನು ಇಬ್ಬರು ಹಿಡಿಯಬಹುದು. ಕಾಳನ್ನು ಸಣ್ಣ ಚೀಲಗಳಿಗೆ ತುಂಬಬಹುದು. ತಳ್ಳುವ ಗಾಡಿಯಿದ್ದರೆ ಇನ್ನೂ ಒಳ್ಳೆಯದು.

ತಲೆಯ ಮೇಲೆ ಹೊರುವ ಅಭ್ಯಾಸವಿರುವವರು ಸಿಂಬಿಯಿಲ್ಲದೆ ಹೊರಬಾರದು. ಹೊರೆಯನ್ನು ತಲೆಗೇರಿಸುವಾಗಲೂ ಇಳಿಸುವಾಗಲೂ ಇನ್ನೊಬ್ಬರು ಕೈಕೊಡಬೇಕು, ಏಕೆಂದರೆ ಕುತ್ತಿಗೆ ಉಳುಕುವುದು ನಡೆಯುವಾಗಲ್ಲ, ಏರಿಸಿ ಇಳಿಸುವಾಗ. ಸೊಂಟದ ಒಂದೇ ಪಕ್ಕದಲ್ಲಿ ದೊಡ್ಡ ಕೊಡವಿಟ್ಟು ನಡೆಯುವುದಕ್ಕಿಂತ, ಎರಡು ಕೈಗಳಲ್ಲಿ ಎರಡು ಸಣ್ಣ ಬಿಂದಿಗೆಗಳನ್ನು ಸಮನಾಗಿ ಹಿಡಿಯುವುದು ಲೇಸು. ಮನೆಯೊಳಗೆ ನೀರು ತುಂಬುವ ಹಂಡೆ, ಡ್ರಮ್ಮುಗಳನ್ನು ನೆಲದ ಮೇಲಿಡದೆ ಮೊಣಕಾಲೆತ್ತರದ ಕಟ್ಟೆಯ ಮೇಲಿಟ್ಟರೆ ದಿನಕ್ಕೆ ಹತ್ತಾರು ಸಲ ಬಾಗುವುದು ತಪ್ಪುತ್ತದೆ.

ಬಾಗಿ ಮಾಡುವ ಕೆಲಸಗಳು

ನಾಟಿ, ಕಳೆ, ಕೊಯ್ಲು ಇವು ಮೂರೂ ಬಾಗಿ ಮಾಡುವ ಕೆಲಸಗಳು. ಮೂರರಲ್ಲಿಯೂ ಹೆಣ್ಣಾಳುಗಳ ಪಾಲೇ ಹೆಚ್ಚು. ಗಂಟೆಗಟ್ಟಲೆ ಬಾಗಿಯೇ ಇದ್ದರೆ ಸ್ನಾಯುಗಳಿಗೆ ರಕ್ತ ಸಂಚಾರ ಕಡಿಮೆಯಾಗಿ ಅವು ಬೇಗ ಬಳಲುತ್ತವೆ. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಎರಡು ಅಂಗೈಗಳನ್ನು ಸೊಂಟದ ಮೇಲಿಟ್ಟು, ನಿಧಾನವಾಗಿ ಹಿಂದಕ್ಕೆ ನಾಲ್ಕೈದು ಸಲ ಬಾಗಿರಿ. ಇದಕ್ಕೆ ಒಂದು ನಿಮಿಷವೂ ಹಿಡಿಯದು. ಆಳುಗಳನ್ನು ಕರೆದವರು ಇದನ್ನು ಸೋಮಾರಿತನವೆಂದು ಗದರಬಾರದು; ಹೀಗೆ ಮೈ ಸಡಿಲಿಸಿದ ಆಳು ಸಂಜೆಯವರೆಗೂ ಕೈ ಸೋಲದೆ ದುಡಿಯುತ್ತಾಳೆ. ಕಳೆ ಕೀಳುವಾಗ ಸ್ವಲ್ಪ ಹೊತ್ತು ಕುಕ್ಕರುಗಾಲಿನಲ್ಲಿ, ಸ್ವಲ್ಪ ಹೊತ್ತು ಒಂದು ಮಂಡಿಯೂರಿ, ಹೀಗೆ ಭಂಗಿಯನ್ನು ಬದಲಾಯಿಸುತ್ತಿರಬೇಕು.

ಕೆಲಸದ ವಿಧಾನವನ್ನೇ ಬದಲಾಯಿಸಲು ಸಾಧ್ಯವಿದ್ದರೆ ಅದಕ್ಕಿಂತ ಉತ್ತಮವಾದುದಿಲ್ಲ. ಸಾಲುನಾಟಿ ಮಾಡಿದ ಗದ್ದೆಯಲ್ಲಿ ನಿಂತೇ ತಳ್ಳುವ ಕಳೆಯಂತ್ರವನ್ನು ಓಡಿಸಬಹುದು. ಕೂರಿಗೆಯಿಂದ ಸಾಲಿಗೆ ಬಿತ್ತಿದ ರಾಗಿ, ಜೋಳಗಳಲ್ಲಿ ಎಡೆಕುಂಟೆ ಹೊಡೆದರೆ ಕೈಕಳೆಯ ಕೆಲಸ ಬಹಳ ಕಡಿಮೆಯಾಗುತ್ತದೆ. ಗುದ್ದಲಿ, ಸಲಿಕೆಗಳ ಕಾವು ಗಿಡ್ಡವಾಗಿದ್ದರೆ ಬಡಗಿಯಿಂದ ಉದ್ದನೆಯ ಕಾವು ಹಾಕಿಸಿಕೊಳ್ಳಿರಿ.

ಮನೆಯೊಳಗಿನ ಮಾತೂ ಇದೇ. ಗಿಡ್ಡ ಪೊರಕೆಗೆ ಒಂದು ಕೋಲು ಕಟ್ಟಿದರೆ ನಿಂತು ಗುಡಿಸಬಹುದು. ಬಟ್ಟೆ ಒಗೆಯುವ ಕಲ್ಲನ್ನು ಸೊಂಟದೆತ್ತರಕ್ಕೆ ಕಟ್ಟಿಸಬಹುದು. ಒಲೆಯನ್ನು ಕಟ್ಟೆಯ ಮೇಲೆ ಏರಿಸಬಹುದು. ನೆಲದ ಮೇಲೆಯೇ ಕುಳಿತು ಕೆಲಸ ಮಾಡುವುದಾದರೆ ಒಂದು ಮಣೆಯಾದರೂ ಇರಲಿ. ಇವುಗಳ ಖರ್ಚು ದೊಡ್ಡದೇನಲ್ಲ. ಆದರೂ ಮೋಟಾರುಬೈಕಿಗೆ ಸಾಲ ಮಾಡಿದ ಮನೆಯಲ್ಲಿ ಒಗೆಯುವ ಕಲ್ಲಿಗೆ ನಾಲ್ಕು ಇಟ್ಟಿಗೆ ಬಿದ್ದಿರುವುದಿಲ್ಲ. ಒಗೆಯುವವರು ಯಾರೋ, ಮನೆಯ ಹಣವನ್ನು ಖರ್ಚು ಮಾಡುವವರು ಯಾರೋ ಆಗಿರುವುದೇ ಇದಕ್ಕೆ ಕಾರಣ. ಪತಿಯಾದವನು ಒಂದು ದಿನ ಮನೆಯ ನೀರನ್ನೆಲ್ಲ ತಾನೇ ತಂದು ನೋಡಲಿ. ಕಟ್ಟೆ ಬೇಕೋ ಬೇಡವೋ ಎಂಬುದು ಅಂದೇ ತೀರ್ಮಾನವಾಗುತ್ತದೆ.

ಗರ್ಭಿಣಿ, ಬಾಣಂತಿ ಮತ್ತು ಸೊಂಟನೋವು

ಗರ್ಭಿಣಿಯಲ್ಲಿ ಹೆರಿಗೆಗೆ ಅನುಕೂಲವಾಗಲೆಂದು ಸೊಂಟದ ಕೀಲುಗಳ ಕಟ್ಟುಗಳು ಸಡಿಲವಾಗುತ್ತವೆ. ಜೊತೆಗೆ ಹೊಟ್ಟೆಯ ಭಾರ ಬೆನ್ನನ್ನು ಮುಂದಕ್ಕೆ ಎಳೆಯುತ್ತದೆ. ಇಂತಹ ದಿನಗಳಲ್ಲಿ ಭಾರವಾದ ಕೊಡ, ಹುಲ್ಲಿನ ಹೊರೆ, ಗೊಬ್ಬರದ ಮಂಕರಿಗಳನ್ನು ಆಕೆಯಿಂದ ಹೊರಿಸಬಾರದು. ಹಗುರ ಕೆಲಸ, ನಡಿಗೆ ಇರಲಿ. ಎಡಮಗ್ಗುಲಾಗಿ, ಎರಡು ಮೊಣಕಾಲುಗಳ ನಡುವೆ ಮಡಿಸಿದ ಕಂಬಳಿಯನ್ನಿಟ್ಟು ಮಲಗಿದರೆ ನೋವು ಕಡಿಮೆಯಾಗುತ್ತದೆ. ನೋವು ಅಲೆಅಲೆಯಾಗಿ ಬಂದು ಹೋಗುತ್ತಿದ್ದರೆ, ನೀರು ಅಥವಾ ರಕ್ತ ಹೋದರೆ ಅದು ಬರಿಯ ಸೊಂಟನೋವಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೆರಿಗೆಯ ನಂತರ ಹೊಟ್ಟೆಯ ಸ್ನಾಯುಗಳು ಸಡಿಲಗೊಂಡು ಬೆನ್ನಿಗೆ ಮುಂದಿನ ಆಸರೆ ತಪ್ಪಿರುತ್ತದೆ. ಅವು ಮತ್ತೆ ಬಿಗಿಯಾಗಲು ತಿಂಗಳುಗಳೇ ಬೇಕು. ಅಷ್ಟರೊಳಗೆ ಮತ್ತೆ ಗರ್ಭ ನಿಂತರೆ ಸೊಂಟಕ್ಕೆ ಚೇತರಿಸಿಕೊಳ್ಳಲು ಅವಕಾಶವೇ ಸಿಗುವುದಿಲ್ಲ. ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ 2 ವರ್ಷಗಳಾದರೂ ಕಳೆಯಲಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ. ಮಗುವಿಗೆ ಹಾಲೂಡಿಸುವಾಗ ಬಾಣಂತಿಯು ಮಗುವಿನ ಮೇಲೆ ಬಾಗದೆ, ಗೋಡೆಗೆ ಒರಗಿ ಕುಳಿತು, ತೊಡೆಯ ಮೇಲೆ ದಿಂಬಿಟ್ಟು ಮಗುವನ್ನೇ ಎದೆಯ ಎತ್ತರಕ್ಕೆ ತಂದುಕೊಳ್ಳಬೇಕು. ರಾಗಿ, ಸೊಪ್ಪು, ಹಾಲು, ಮೊಸರು ಊಟದಲ್ಲಿರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಉಪಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ತಪ್ಪದೆ ಸೇವಿಸಬೇಕು, ಆದರೆ ಎರಡನ್ನೂ ಒಂದೇ ಹೊತ್ತಿಗೆ ನುಂಗಬಾರದು.

"ಆಪರೇಷನ್ ಆದ ಮೇಲೆ ಸೊಂಟವೇ ಹೋಯಿತು" ಎಂಬ ಮಾತು ಊರೂರಿನಲ್ಲಿ ಕೇಳಿಬರುತ್ತದೆ. ಇದನ್ನು ಬಿಡಿಸಿ ನೋಡುವುದು ಅವಶ್ಯ. ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಯಲ್ಲಿ ಅಂಡವು ಸಾಗುವ ನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಬೆನ್ನಿನ ಮೂಳೆಗಾಗಲಿ ಸ್ನಾಯುವಿಗಾಗಲಿ ಕತ್ತರಿ ತಾಗುವುದಿಲ್ಲ. ಬೆನ್ನಿಗೆ ಅರಿವಳಿಕೆಯ ಚುಚ್ಚುಮದ್ದು ಕೊಟ್ಟಿದ್ದರೆ ಆ ಜಾಗ ಕೆಲವು ದಿನ ನೋಯಬಹುದು, ಅಷ್ಟೇ. ಆದರೆ ಶಸ್ತ್ರಚಿಕಿತ್ಸೆ ನಡೆಯುವ ಕಾಲವನ್ನು ನೋಡಿ: ಎರಡು ಮೂರು ಹೆರಿಗೆಗಳು ಆಗಿರುತ್ತವೆ, ಹೊಟ್ಟೆಯ ಸ್ನಾಯುಗಳು ಸಡಿಲವಾಗಿರುತ್ತವೆ, ಅನೇಕರಲ್ಲಿ ರಕ್ತಹೀನತೆಯೂ ಇರುತ್ತದೆ, ಮನೆಗೆ ಬಂದೊಡನೆ ಕೊಡ, ಹೊರೆ, ಕೂಲಿ ಕಾದಿರುತ್ತವೆ. ನೋವಿನ ಮೂಲ ಹೆಚ್ಚಾಗಿ ಇಲ್ಲಿದೆ. ಹಾಗೆಂದು ಆಕೆ ನೋವೆಂದಾಗ ಗಂಡನಾಗಲಿ ಆರೋಗ್ಯ ಸಿಬ್ಬಂದಿಯಾಗಲಿ "ಅದೆಲ್ಲ ಭ್ರಮೆ" ಎಂದು ತಳ್ಳಿಹಾಕುವುದು ಸರಿಯಲ್ಲ. ನೋವು ನಿಜವಾದುದೇ. ಕೆಳಹೊಟ್ಟೆಯ ನೋವು, ಜ್ವರ, ದುರ್ವಾಸನೆಯ ಬಿಳಿಸೆರಗು ಇದ್ದರೆ ಗರ್ಭಕೋಶದ ಸುತ್ತ ಸೋಂಕು ತಗುಲಿರಬಹುದು, ಅದಕ್ಕೆ ಚಿಕಿತ್ಸೆಯುಂಟು. ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಎಷ್ಟು ದಿನ ಭಾರ ಎತ್ತಬಾರದೆಂದು ಹೇಳಿರುವರೋ ಅಷ್ಟು ದಿನ ಮನೆಯವರು ಆ ಮಾತನ್ನು ನಡೆಸಿಕೊಡಬೇಕು.

ಪುರುಷರ ಶಸ್ತ್ರಚಿಕಿತ್ಸೆಯ ಬಗ್ಗೆಯೂ "ಬೆನ್ನಿನ ಶಕ್ತಿ ಹೋಗುತ್ತದೆ, ನೇಗಿಲು ಹಿಡಿಯಲಾಗದು" ಎಂಬ ಭಯವಿದೆ. ಅದು ಆಧಾರವಿಲ್ಲದ ಭಯ. ಅದು ಸ್ತ್ರೀಯರ ಶಸ್ತ್ರಚಿಕಿತ್ಸೆಗಿಂತ ಸರಳವಾದುದು. ದುಡಿಯುವ ಬಲವಾಗಲಿ ಪುರುಷತ್ವವಾಗಲಿ ಅದರಿಂದ ಕುಗ್ಗುವುದಿಲ್ಲ. ಯಾವ ವಿಧಾನವನ್ನು ಅನುಸರಿಸಬೇಕೆಂಬುದನ್ನು ದಂಪತಿಗಳೇ ಕೂಡಿ ನಿರ್ಧರಿಸಬೇಕು.

ನೋವು ಬಂದಾಗ ಮನೆಯಲ್ಲಿ ಏನು ಮಾಡಬೇಕು?

ಸೊಂಟ ಹಿಡಿದುಕೊಂಡವರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವುದು ಹಳೆಯ ಪದ್ಧತಿ. ವೈದ್ಯರೂ ಹಿಂದೆ ಹಾಗೆಯೇ ಹೇಳುತ್ತಿದ್ದರು. ಬಹಳ ಮಲಗಿದಷ್ಟೂ ಸ್ನಾಯುಗಳು ಸೊರಗಿ ನೋವು ಉಳಿದುಬಿಡುತ್ತದೆಂದು ಈಗ ತಿಳಿದಿದೆ. ನೋವು ತೀವ್ರವಾಗಿದ್ದರೆ ಒಂದೆರಡು ದಿನ ವಿಶ್ರಾಂತಿ ಸಾಕು. ಆಗಲೂ ನಡುನಡುವೆ ಎದ್ದು ಅಂಗಳದಲ್ಲಿ ಓಡಾಡಬೇಕು. ಅನಂತರ ಭಾರ ಎತ್ತುವುದನ್ನು ಬಿಟ್ಟು ಉಳಿದ ಕೆಲಸಗಳನ್ನು ಸ್ವಲ್ಪ ಸ್ವಲ್ಪವಾಗಿ ಆರಂಭಿಸಬೇಕು. ಇಂತಹ ನೋವು ಬಹುಮಂದಿಗೆ ನಾಲ್ಕರಿಂದ ಆರು ವಾರಗಳಲ್ಲಿ ಇಳಿಯುತ್ತದೆ.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದಾಗಲಿ, ಉಪ್ಪಿನ ಗಂಟಿನಿಂದಾಗಲಿ ದಿನಕ್ಕೆ ಎರಡು ಮೂರು ಸಲ ಶಾಖ ಕೊಡಬಹುದು. ಶಾಖ ಕೊಡುವವರು ಮೊದಲು ಅದನ್ನು ತಮ್ಮ ಮುಂಗೈಗೆ ತಾಗಿಸಿ ನೋಡಬೇಕು. ಸಕ್ಕರೆ ಕಾಯಿಲೆಯವರಿಗೆ ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಿರಬಹುದಾದ್ದರಿಂದ ಸುಟ್ಟರೂ ತಿಳಿಯುವುದಿಲ್ಲ. ಆದರೆ ಬದುವಿನ ಮೇಲೆ ಜಾರಿ ಕಾಲು ಉಳುಕಿ ಊದಿಕೊಂಡಿದ್ದರೆ ಮೊದಲ ಎರಡು ದಿನ ಶಾಖ ಬೇಡ, ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. ತಣ್ಣೀರಿನ ಬಟ್ಟೆ ಹಾಕಿ, ಅಗಲವಾದ ಬಟ್ಟೆಯಿಂದ ಮೆತ್ತಗೆ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಬೇಕು. ಕಾಲೂರಿ ನಾಲ್ಕು ಹೆಜ್ಜೆಯನ್ನೂ ನಡೆಯಲಾಗದಿದ್ದರೆ ಮೂಳೆ ಮುರಿದಿರಬಹುದು. ಕ್ಷ-ಕಿರಣ ಪರೀಕ್ಷೆ ಮಾಡಿಸಬೇಕು. ಮುರಿದ ಕೈಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿಸಿ ಬೆರಳುಗಳು ನೀಲಿಗಟ್ಟಿದರೆ ಅಂಗವೇ ನಷ್ಟವಾದೀತು. ನೋವಿಗೆ ಬರೆ ಹಾಕಿಸುವುದರಿಂದ ಹುಣ್ಣಾಗುತ್ತದೆಯೇ ಹೊರತು ನೋವು ಹೋಗುವುದಿಲ್ಲ.

ಔಷಧಿಯ ವಿಷಯದಲ್ಲಿ ಎಚ್ಚರ ಬಹಳ ಅಗತ್ಯ. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗುವವರಿಗೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಕೆಡಬಹುದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವ ನೋವಿನ ಮಾತ್ರೆಯನ್ನೂ ಸೇವಿಸಕೂಡದು. ಸಂತೆಯಲ್ಲಿ ಪೊಟ್ಟಣ ಕಟ್ಟಿ ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮೊದಲ ವಾರ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ದುಂಡಗಾಗುತ್ತದೆ. ಜನ ಅದನ್ನು ಆರೋಗ್ಯವೆಂದು ತಿಳಿಯುತ್ತಾರೆ. ಮುಂದೆ ಮೂಳೆಗಳು ಟೊಳ್ಳಾಗುತ್ತವೆ, ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳಬಹುದು. ಬಹಳ ದಿನ ಇಂತಹುದನ್ನು ಸೇವಿಸಿದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣದೊಡನೆ ವೈದ್ಯರ ಬಳಿಗೆ ಹೋಗಬೇಕು.

ಸ್ನಾಯುಗಳನ್ನು ಬಲಪಡಿಸಲು ಒಂದೆರಡು ಸರಳ ವ್ಯಾಯಾಮಗಳನ್ನು ನೋವು ಇಳಿದ ಮೇಲೆ ರೂಢಿಸಿಕೊಳ್ಳಿರಿ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಿಸಿ, ಪಾದಗಳನ್ನು ನೆಲಕ್ಕೂರಿ, ಸೊಂಟವನ್ನು ಮೆಲ್ಲನೆ ಮೇಲಕ್ಕೆತ್ತಿ ಐದು ಎಣಿಸುವವರೆಗೆ ಹಿಡಿದು ಇಳಿಸಬೇಕು. ಮಂಡಿನೋವಿನವರು ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಮಡಿಸಿದ ಟವೆಲನ್ನಿಟ್ಟು, ಅದನ್ನು ಮಂಡಿಯಿಂದಲೇ ಕೆಳಕ್ಕೊತ್ತಿ ಐದು ಎಣಿಸಬೇಕು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಸಾಕು. "ದಿನವಿಡೀ ದುಡಿಯುವ ನಮಗೆ ವ್ಯಾಯಾಮವೇಕೆ?" ಎಂದು ಕೇಳುವವರಿದ್ದಾರೆ. ದುಡಿಮೆಯಲ್ಲಿ ಕೆಲವು ಸ್ನಾಯುಗಳು ಮಾತ್ರ ಸವೆಯುತ್ತವೆ, ಉಳಿದವು ಸೊರಗುತ್ತವೆ. ಮಂಡಿ ಸವೆದವರು ಕುಕ್ಕರುಗಾಲಿನಲ್ಲಿ ಕೂರುವುದನ್ನು ಕಡಿಮೆ ಮಾಡಿ, ಶೌಚಕ್ಕೂ ನಡುವೆ ರಂಧ್ರವಿರುವ ಕುರ್ಚಿಯನ್ನು ಬಳಸುವುದು ಒಳ್ಳೆಯದು. ಮೈಭಾರ ಹೆಚ್ಚಿದ್ದರೆ ಇಳಿಸಬೇಕು.

ದುಡಿಮೆಯಿಂದಲ್ಲದ ನೋವುಗಳು

ನಮ್ಮ ರಾಜ್ಯದ ಒಣ ಸೀಮೆಯ ಅನೇಕ ಜಿಲ್ಲೆಗಳಲ್ಲಿ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ರಾಯಚೂರು ಮೊದಲಾದೆಡೆ, ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದುಂಟು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಮಾತ್ರ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡಿನ ನೀರು ಕುಡಿದವರ ಬೆನ್ನು, ಕುತ್ತಿಗೆ, ಮಂಡಿಗಳು ಬಿರುಸಾಗುತ್ತವೆ. ಊರಿನ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆಗಳು ಮೂಡುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಗ್ರಾಮ ಪಂಚಾಯಿತಿಯ ಮೂಲಕ ನೀರನ್ನು ಪರೀಕ್ಷೆ ಮಾಡಿಸಿ, ದೋಷವಿದ್ದರೆ ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲದೆ ಅಡುಗೆಗೂ ಬಳಸಬೇಕು.

2006ರಲ್ಲಿ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಹಬ್ಬಿದ ಚಿಕುನ್‌ಗುನ್ಯ ಜ್ವರವನ್ನು ಯಾರೂ ಮರೆತಿರಲಾರರು. ಜ್ವರ ವಾರದಲ್ಲಿ ಹೋದರೂ ಕೀಲುನೋವು ತಿಂಗಳುಗಟ್ಟಲೆ ಉಳಿಯಿತು. ಅದನ್ನು ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ, ಮನೆಯ ತೊಟ್ಟಿ ಡ್ರಮ್ಮುಗಳ ತಿಳಿನೀರಿನಲ್ಲಿ ಬೆಳೆಯುತ್ತದೆ; ವಾರಕ್ಕೊಮ್ಮೆ ಅವುಗಳನ್ನು ಬರಿದುಮಾಡಿ ತಿಕ್ಕಿ ತೊಳೆಯಬೇಕು. ಜ್ವರದೊಡನೆ ಮೈನೋವಿದ್ದಾಗ ಅದು ಡೆಂಗಿಯೂ ಆಗಿರಬಹುದಾದ್ದರಿಂದ ಆಸ್ಪಿರಿನ್ ಮುಂತಾದ ನೋವಿನ ಮಾತ್ರೆಗಳನ್ನು ನುಂಗಬಾರದು.

ಬೆಳಿಗ್ಗೆ ಎದ್ದಾಗ ಕೈಬೆರಳುಗಳು ಬಿಗಿದು, ಒಂದು ಗಂಟೆಯಾದರೂ ಸಡಿಲವಾಗದೆ, ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಳ್ಳುತ್ತಿದ್ದರೆ ಅದು ಸಂಧಿವಾತ. ಹೆಂಗಸರಲ್ಲಿ ಹೆಚ್ಚು. ಆರಂಭದಲ್ಲಿಯೇ ಚಿಕಿತ್ಸೆ ಪಡೆದರೆ ಬೆರಳುಗಳು ಸೊಟ್ಟಗಾಗುವುದನ್ನು ತಡೆಯಬಹುದು. ಮಗುವಿಗೆ ಗಂಟಲುನೋವು ಬಂದುಹೋದ ಕೆಲವು ವಾರಗಳಲ್ಲಿ ಜ್ವರದೊಡನೆ ಒಂದು ಕೀಲಿನಿಂದ ಇನ್ನೊಂದಕ್ಕೆ ನೋವು ಹಾರುತ್ತಿದ್ದರೆ ಹೃದಯಕ್ಕೇ ಅಪಾಯವಿರಬಹುದು. ಅದನ್ನು 'ಬೆಳೆಯುವ ನೋವು' ಎಂದು ಬಿಡಬಾರದು. ದನ, ಕುರಿ, ಆಡು ಸಾಕುವವರು ಹಸಿಹಾಲನ್ನು ಕಾಯಿಸದೆ ಕುಡಿಯುವುದರಿಂದ, ಕಂದು ಹಾಕಿದ ಪ್ರಾಣಿಯ ಮಾಸನ್ನು ಬರಿಗೈಯಿಂದ ಮುಟ್ಟುವುದರಿಂದ, ಬಂದು ಹೋಗುವ ಜ್ವರವೂ ಕೀಲುನೋವೂ ಬರುವುದುಂಟು.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದು, ಆ ಊರಿನ ಹೆಸರನ್ನೇ ಪಡೆದ ಕಾಯಿಲೆ ಸೊಂಟದ ಕೀಲುಗಳನ್ನು ಸವೆಸುತ್ತದೆ. ಅದು ವಂಶಪಾರಂಪರ್ಯವಾಗಿ ಬರುವುದು, ಅಂಟುರೋಗವಲ್ಲ. ಅಂತಹ ಮನೆತನದ ದಂಪತಿಗಳು ಮಕ್ಕಳ ವಿಚಾರ ಮಾಡುವ ಮೊದಲು ವೈದ್ಯರೊಡನೆ ಸಮಾಲೋಚಿಸಬೇಕು.

ತಡಮಾಡಬಾರದ ಸಂದರ್ಭಗಳು

ಸೊಂಟನೋವಿನೊಡನೆ ಕಾಲುಗಳು ಬಲಗುಂದಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋಗುತ್ತಿದ್ದರೆ, ಮಲದ್ವಾರದ ಸುತ್ತ ಜೋಮು ಹಿಡಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಬೇಕು. ನರಗಳ ಮೇಲೆ ಒತ್ತಡ ಬಿದ್ದಿರುವ ಸೂಚನೆ ಅದು. ಒಂದೆರಡು ದಿನ ಕಾದರೂ ಬಲ ಮರಳಿ ಬಾರದೆ ಹೋಗಬಹುದು. ಮರದಿಂದಲೋ ಗಾಡಿಯಿಂದಲೋ ಬಿದ್ದು ಬೆನ್ನಿಗೆ ಪೆಟ್ಟಾದವರನ್ನು ಎಬ್ಬಿಸಿ ಕೂರಿಸಬೇಡಿರಿ, ಬೈಕಿನ ಮೇಲೆ ಸಾಗಿಸಬೇಡಿರಿ. 108ಕ್ಕೆ ಕರೆಮಾಡಿ, ವಾಹನ ಬರುವವರೆಗೆ ಅಲುಗಾಡಿಸದೆ ಬಿಡಿರಿ. ವಾಹನ ಬಾರದ ಸ್ಥಳವಾದರೆ ನಾಲ್ವರು ಸೇರಿ, ತಲೆ, ಬೆನ್ನು, ಕಾಲುಗಳನ್ನು ಏಕಕಾಲಕ್ಕೆ ಎತ್ತಿ ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಒಂದು ಕೀಲು ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೂ ಅದೇ ದಿನ ತೋರಿಸಬೇಕು.

ರಾತ್ರಿಯಲ್ಲಿ ಹೆಚ್ಚುವ, ವಿಶ್ರಾಂತಿಗೂ ಬಗ್ಗದ ಬೆನ್ನುನೋವು, ಸಂಜೆಯ ಸಣ್ಣ ಜ್ವರ, ಮೈ ಇಳಿಯುವುದು ಇವು ಕೂಡಿದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಉಳಿದಂತೆ ಆರು ವಾರ ಕಳೆದರೂ ಹೋಗದ ಯಾವುದೇ ನೋವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಹೋಗುವಾಗ ಈವರೆಗೆ ನುಂಗಿದ ಮಾತ್ರೆಗಳ ಹಾಳೆಗಳನ್ನು ಜೊತೆಯಲ್ಲಿ ಒಯ್ಯಿರಿ. ನೋವು ಯಾವಾಗ ಆರಂಭವಾಯಿತು, ಯಾವ ಕೆಲಸದಲ್ಲಿ ಹೆಚ್ಚುತ್ತದೆ, ಹೆಂಗಸರಾದರೆ ಮುಟ್ಟು ತಪ್ಪಿದೆಯೇ ಎಂಬುದನ್ನು ಸಂಕೋಚವಿಲ್ಲದೆ ತಿಳಿಸಿರಿ. ವೈದ್ಯರೊಡನೆ ಮಾತನಾಡಲು ಸಂಕೋಚವಾದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯಬಹುದು.